ಅರ್ಧ ಖರ್ಜೂರ

ನಾನು ಪಾಠ ಹೇಳುವ ಅಫಜಲಪುರದ ಬಸ್‌ಸ್ಟ್ಯಾಂಡ್ ಎದುರಿನ ಬಂಡಿಯಲ್ಲಿ ನಿನ್ನೆ ಸಂಜೆ ಖರ್ಜೂರ ಕಂಡೆ. ರಮಜಾನ್ ಇನ್ನೂ ದೂರ. ಬೇಕಿರಲಿಲ್ಲ, ಆದರೂ ಕೊಂಡೆ. ಕೋಣೆಗೆ ಬಂದು ಪೊಟ್ಟಣ ಬಿಚ್ಚಿದಾಗ ಆ ಬೆಲ್ಲದಂಥ ವಾಸನೆಗೆ ನಸ್ರೀನ್ ನೆನಪಾದಳು. ಇದು ಪೂರ್ತಿ ನಿಜವಲ್ಲ. ಕೊಳ್ಳುವ ಮೊದಲೇ ನೆನಪಾಗಿರಬೇಕು.

ಇಜೇರಿಯ ನಸ್ರೀನ್, ಆಳಂದದ ನಾನು, ಕಲಬುರಗಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆ. ರಮಜಾನಿನ ಸಂಜೆಗಳಲ್ಲಿ ಹುಡುಗಿಯರೆಲ್ಲ ನಮ್ಮಲ್ಲೇ ದಸ್ತರ್‌ಖಾನ್ ಹಾಸಿ ಒಟ್ಟಿಗೆ ಉಣ್ಣುತ್ತಿದ್ದರು. ನಸ್ರೀನಳ ನಗುವೇ ಎಲ್ಲರಿಗಿಂತ ಮುಂದೆ. ನನಗೋ ಸಜ್ದಾಕ್ಕೆ ಹಣೆ ಊರಿದರೆ ಚಾಪೆಯ ಹೊರತು ಏನೂ ತಾಗುತ್ತಿರಲಿಲ್ಲ. ನಂಬಿಕೆ ಇದ್ದವರಿಗೆ ಸುಖ ಪುಕ್ಕಟೆ ಎಂದು ಒಳಗೊಳಗೇ ಹೊಟ್ಟೆಕಿಚ್ಚು. ಆಮೇಲೆ ನಮಾಜ್ ಬಿಟ್ಟೆ. ತಿಳಿದರೆ ಅವಳು ಕೋಣೆ ಬದಲಿಸಿಯಾಳು ಎಂಬ ಭಯಕ್ಕೆ, ಅವಳೆದುರು ಮಾತ್ರ ಚಾಪೆಯ ಮೇಲೆ ನಿಂತು ತುಟಿ ಅಲ್ಲಾಡಿಸುತ್ತಿದ್ದೆ. ನಟನೆಯಲ್ಲಿ ನಾನೇನು ಕಡಿಮೆಯಿರಲಿಲ್ಲ.

ಮುಟ್ಟಿನ ದಿನಗಳಲ್ಲಿ ತಪ್ಪಿದ ರೋಜಾ ಉಪವಾಸಗಳನ್ನು ಆಮೇಲೆ ಹಿಡಿದು ತೀರಿಸಬೇಕಲ್ಲ, ಅವನ್ನು ಅವಳು ಚಳಿಗಾಲಕ್ಕೆ ಇಟ್ಟುಕೊಂಡಿದ್ದಳು, ಹಗಲು ಗಿಡ್ಡ. ಆಗ ದಸ್ತರ್‌ಖಾನ್ ಇಲ್ಲ, ಹುಡುಗಿಯರಿಲ್ಲ. ಕೆಳಗಿನ ಮೆಸ್ಸಿನಿಂದ ಒಗ್ಗರಣೆಯ ವಾಸನೆ. ಒಂದು ಸಂಜೆ, ಸ್ಟೀಲ್ ಮುಚ್ಚಳದಲ್ಲಿ ಒಂದೇ ಖರ್ಜೂರ ಇಟ್ಟುಕೊಂಡು ಕೂತವಳನ್ನು ಕೇಳಿದೆ: “ಈಗೂ ಖುಷಿ ಅದ ಏನ್ ಬೇ?”

“ಖುಷಿ ಅಂತ! ಹೊಟ್ಟಿ ಚುರ್ ಅನ್ನಾಕತ್ತದ. ಅದನ್ನ ಆಮ್ಯಾಲ ಕೇಳು.” ಮುಚ್ಚಳ ಪಕ್ಕಕ್ಕೆ ಸರಿಸಿ, “ಖರೇ ಹೇಳ್ಲಿ? ಒಬ್ಬಾಕಿನೇ ಹಿಡದ್ರ ಏನೂ ಖುಷಿ ಇಲ್ಲ. ಆದ್ರ ಬಿಡಾಕ ಆಗಾಂಗಿಲ್ಲ.”

ಅವಳಿಗೂ ಹೀಗೆ ಬರಿದಾದ ಹೊತ್ತಿದೆ ಎಂದು ತಿಳಿದದ್ದೇ ನನ್ನ ಬಾಯಿ ಬಿಚ್ಚಿಸಿತು. “ನಾ ನಮಾಜ್ ಬಿಟ್ಟೇನಿ. ನಿನ್ನ ಮುಂದ ಸುಮ್ನ ತುಟಿ ಅಲ್ಲಾಡಸ್ತೇನಿ.”

ಅಷ್ಟರಲ್ಲಿ ಉಪವಾಸ ಮುರಿಯುವ ಸಂಜೆಯ ಅಜಾನ್ ಆಯಿತು. ಅವಳು ಖರ್ಜೂರ ಸೀಳಿ, ಅರ್ಧ ನನ್ನ ಕೈಗಿಟ್ಟು ನಕ್ಕಳು. “ರೋಜಾ ನಂದು. ಖಜೂರ ಇಬ್ಬರದು. ತಿನ್ನ ಬೇ.”

ನೀವೇ ಹೇಳಿ, ಇಷ್ಟು ಚಂದ ಯಾವ ಸಂಜೆ ಮುಗಿದೀತು? ನನ್ನ ನೆನಪಿನ ಮೇಲೇ ಗುಮಾನಿ ಬಂದು ನಿನ್ನೆ ಅವಳಿಗೆ ಫೋನ್ ಮಾಡಿದೆ. ಅವಳೀಗ ಜೇವರ್ಗಿಯಲ್ಲಿದ್ದಾಳೆ.

“ಖಜೂರ ಕೊಟ್ಟಿದ್ದು ಖರೇ. ನಕ್ಕಿಲ್ಲ ನಾ,” ಎಂದಳು. “ಅಂಜಿದ್ದೆ ಬೇ. ಇವತ್ತ ನೀ ಬಿಟ್ಟಿ, ನಾಳೆ ನಾನೂ ಬಿಟ್ರ? ಬಚ್ಚಲದಾಗ ನಳ ಬಿಟ್ಟು ಅತ್ತಿದ್ದೆ.”

ಇಷ್ಟು ವರ್ಷ ನಾನು ನೆಮ್ಮದಿಗೆ ಹಚ್ಚಿಕೊಂಡಿದ್ದ ನಗು ಅವಳದಾಗಿರಲಿಲ್ಲ. “ಈಗ ಏನ್ ಮಾಡಾಕತ್ತಿ?” ಎಂದೆ.

“ಈ ವರ್ಷದ ಬಾಕಿ ರೋಜಾ. ಒಬ್ಬಾಕಿನೇ ಕುಂತೇನಿ. ಫೋನ್ ಇಡಬ್ಯಾಡ.”

ಇಡಲಿಲ್ಲ. ಪೂರ್ವಕ್ಕಿರುವ ಜೇವರ್ಗಿಯಲ್ಲಿ ಹೊತ್ತು ತುಸು ಬೇಗ ಮುಳುಗುತ್ತದೆ. ಅಲ್ಲಿನ ಅಜಾನ್ ಫೋನಿನೊಳಗಿಂದ ಬಂದಾಗ ನನ್ನ ಬೀದಿಯ ಮಸೀದಿ ಇನ್ನೂ ಮೌನವಾಗಿತ್ತು. ಖರ್ಜೂರ ಸೀಳಿ ಅರ್ಧ ಬಾಯಿಗಿಟ್ಟುಕೊಂಡೆ.

ಇದನ್ನು ಬರೆಯುವಾಗ ಇನ್ನರ್ಧ ಮೇಜಿನ ಮೇಲಿದೆ. ಇರುವೆ ಮುತ್ತಿವೆ. ಓಡಿಸಲು ಮನಸ್ಸಿಲ್ಲ.