ಭಾರದ ಲೆನ್ಸ್ ಕೆಟ್ಟಿರಲಿಲ್ಲ

ಆ ಭಾರದ ಲೆನ್ಸ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಂಬಿಸಿದವಳು ನಾನು — ನಿಮ್ಮ ಹೆಂಡತಿ. ಇಷ್ಟು ವರ್ಷ ಮುಚ್ಚಿಟ್ಟೆ, ಇನ್ನು ಆಗುವುದಿಲ್ಲ. ಹಾಗೆಂದು ತಲೆ ತಗ್ಗಿಸಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಹಳೆಯ ಕಟ್ಟಡಗಳ ಚಿತ್ರ ತೆಗೆಯುವುದು ನಮ್ಮಿಬ್ಬರ ಕಸುಬು. ಟ್ರೈಪಾಡ್ ನಿಮ್ಮ ಹೆಗಲಿಗೆ, ಲೆನ್ಸುಗಳ ಚೀಲ ನನ್ನ ಬೆನ್ನಿಗೆ — ಯಾರು ಹಾಗೆ ಹಂಚಿದರೋ. ಚುಂಚನಕಟ್ಟೆಯ ಮೆಟ್ಟಿಲು, ಮಿರ್ಲೆಯ ಗದ್ದೆಬದು, ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತದ್ದು, ಎಲ್ಲವೂ ನನಗೆ ಬೆನ್ನುನೋವಿನ ಜೊತೆಗೇ ನೆನಪಿವೆ. ಡಿಜಿಟಲ್ ಟೆಕ್ನಿಕಲ್ ಕ್ಯಾಮೆರಾ ಕೊಂಡಾಗ, ಈ ಸಲವಾದರೂ ಹಗುರದ ಲೆನ್ಸ್ ತೆಗೆದುಕೊಳ್ಳೋಣ ಎಂದೆ. ನೀವು ತಲೆಯೆತ್ತದೆ ಅಂದಿರಿ: "ಹೊರೋಕಾಗ್ದಿದ್ರೆ ಮನೇಲಿರು ಕಣೆ. ಬ್ಯಾರೆ ಯಾರ್ನಾದ್ರೂ ಕರ್ಕೊಂಡೋಗ್ತೀನಿ ಬುಡು."

ಮನೇಲಿರು — ಎಷ್ಟು ಸಲೀಸಾಗಿ ಬಂತು ಆ ಮಾತು.

ಮೈಸೂರಿನ ಅಂಗಡಿಯವರು ನೋಡಲೆಂದು ಎರಡು ವೈಡ್ ಆ್ಯಂಗಲ್ ಲೆನ್ಸ್ ಕೊಟ್ಟಿದ್ದರು. ಈ ಕ್ಯಾಮೆರಾವನ್ನು ನೆಟ್ಟಗಿಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದು. ಎತ್ತರದ ಗೋಡೆ ವಾಲದೆ ಚಿತ್ರದೊಳಗೆ ಬರುತ್ತದೆ. ಭಾರದ ಲೆನ್ಸನ್ನು ಬೇಕಾದಷ್ಟು ಸರಿಸಬಹುದಿತ್ತು. ಹಗುರದ್ದನ್ನು ಸ್ವಲ್ಪ ಹೆಚ್ಚು ಸರಿಸಿದರೆ ಅಂಚು ಕಪ್ಪಾಗುತ್ತಿತ್ತು. ನೀವು ಟೀ ಕುಡಿಯಲು ಹೋದಾಗ, ಭಾರದ ಲೆನ್ಸನ್ನು ಓರೆ ಮಾಡುವ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿಟ್ಟೆ. ಚಿತ್ರದ ಎಡಭಾಗವೆಲ್ಲ ಮಸುಕಾಯಿತು. "ಡಿಫೆಕ್ಟ್ ಪೀಸು ಕಣೆ, ವಾಪಸ್ ಕಳ್ಸು" ಎಂದಿರಿ. ಕಳಿಸಿದೆ. ಹಗುರದ್ದು ನಮ್ಮಲ್ಲಿ ಉಳಿಯಿತು. ಆ ದಿನ ನನಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು. ಅದಕ್ಕೆ ಇವತ್ತಿಗೂ ಕ್ಷಮೆ ಕೇಳುವುದಿಲ್ಲ. ಬೆನ್ನು ನೋಯುತ್ತದೆ ಎಂದಾಗ ನೀವು ಕೇಳಿಸಿಕೊಳ್ಳಲಿಲ್ಲ. ಲೆನ್ಸ್ ಕೆಟ್ಟಿದೆ ಎಂದೊಡನೆ ನಂಬಿದಿರಿ.

ಆದರೆ ಅತ್ತೆ —

ಪಿರಿಯಾಪಟ್ಟಣದ ನಮ್ಮ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ನಿಮಗೆ ಗೊತ್ತಿರುವುದೇ. ಎತ್ತರದ ಇಕ್ಕಟ್ಟು ಕೋಣೆ, ಒಳಗೆ ಒಂದರ ಮೇಲೊಂದು ಅಡ್ಡಮರಗಳು. ಹೆಂಗಸರು ಕೆಳಗೆ ಕೂತು ಕಡ್ಡಿಗೆ ಹಸಿ ಸೊಪ್ಪು ಕಟ್ಟುತ್ತಾರೆ, ಗಂಡಸರು ಮರ ಹತ್ತಿ ಜೋಡಿಸುತ್ತಾರೆ. ಮಾವ ತೀರಿಕೊಂಡ ಮೇಲೆ ಅತ್ತೆ ಸೀರೆ ಎತ್ತಿ ಕಟ್ಟಿ ತಾವೇ ಹತ್ತಿದರು. ಊರು ನಕ್ಕಿತು, ಅವರು ಇಳಿಯಲಿಲ್ಲ. ನಾವು ಈ ಲೆನ್ಸ್ ಕೊಂಡ ವರ್ಷ ಅವರ ಮಂಡಿ ಸೋತಿತ್ತು. "ಇದೇ ಕಡೇ ಸಲ ಕಣವ್ವ. ತುದೀಲಿ ನಿಂತಿರೋದು ಒಂದ್ ಫೋಟೋ ತೆಗ್ದುಬುಡು" ಎಂದು ಕೇಳಿಕೊಂಡರು. ಅವರು ನನ್ನನ್ನು ಕೇಳಿದ್ದು ಅದೊಂದನ್ನೇ.

ಅತ್ತೆ ತುದಿಯ ಅಡ್ಡಮರ ಹತ್ತಿದ್ದರು, ನೀವು ಬಾಗಿಲಲ್ಲಿ ಕಡ್ಡಿ ಎತ್ತಿಕೊಡುತ್ತಿದ್ದಿರಿ, ಕ್ಯಾಮೆರಾ ನನ್ನ ಕೈಯಲ್ಲಿತ್ತು. "ಆ ಮೂಲೇಲಿ ನಿಂತ್ಕೊಳ್ಳಿ ಅತ್ತೆ" ಎಂದೆ. ಲೆನ್ಸ್ ಮೇಲಕ್ಕೆ ಸರಿಸಿದೆ — ಇನ್ನೂ ಸರಿಸಿದೆ — ಅವರ ಮುಖ ಬರುವ ಹೊತ್ತಿಗೆ ಪರದೆಯ ಮೂಲೆ ಕಪ್ಪಾಯಿತು. ಹಿಂದೆ ಸರಿಯಲು ಜಾಗವಿರಲಿಲ್ಲ. ಕ್ಯಾಮೆರಾವನ್ನೇ ಎತ್ತಿ ವಾಲಿಸಿದ್ದರೆ ಮುಖ ಸಿಗುತ್ತಿತ್ತು. ಗೋಡೆಯೂ ವಾಲುತ್ತಿತ್ತು, ಲೆನ್ಸನ್ನೇ ಯಾಕೆ ಸರಿಸಲಿಲ್ಲ ಎಂದು ನೀವು ಕೇಳುತ್ತಿದ್ದಿರಿ, ವಾಪಸ್ ಕಳಿಸಿದ ಲೆನ್ಸಿನ ಮಾತು ಬರುತ್ತಿತ್ತು. ಆ ಪ್ರಶ್ನೆಗೆ ಹೆದರಿ ಹಾಗೇ ಒತ್ತಿಬಿಟ್ಟೆ. ಮೇಲಿನ ಸಾಲು ಸೊಪ್ಪಿನಿಂದ ತುಂಬಿತು, ಅತ್ತೆ ಇಳಿದರು. ಮತ್ತೆಂದೂ ಹತ್ತಲಿಲ್ಲ.

ಸಂಜೆ ಚಿತ್ರ ನೋಡಿ ನೀವು, "ಅವ್ವನ ಮುಖ ಎಲ್ಲೇ?" ಎಂದಿರಿ.

"ಅತ್ತೆ ಕತ್ಲಿಗೆ ಸರಿದ್ಬುಟ್ರು ಕಣ್ರೀ."

ಇದೇ ನನ್ನ ತಪ್ಪು. ತಿರುಪಲ್ಲ, ಲೆನ್ಸಲ್ಲ — ಈ ಮಾತು. ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿ, "ಊಂ ಕಣಪ್ಪ, ನಾನೇ ಸರ್ದೆ ಅನ್ಸುತ್ತೆ. ಅವಳ್ನ ಬಯ್ಬ್ಯಾಡ" ಎಂದರು.

ಆ ಚಿತ್ರ ನಡುಮನೆಯ ಗೋಡೆಯಲ್ಲಿದೆ. ಬಂದವರಿಗೆಲ್ಲ ಅತ್ತೆ ಇಂದಿಗೂ ಅದನ್ನೇ ಹೇಳುತ್ತಾರೆ, ನಾನೇ ಸರಿದುಬಿಟ್ಟೆ ಎಂದು. ಅವರಿಗೆ ಗೊತ್ತಿತ್ತೋ ಏನೋ — ಕೇಳುವ ಧೈರ್ಯ ನನಗೆ ಬಂದಿಲ್ಲ. ಇವತ್ತು ಊಟಕ್ಕೆ ಕೂತಾಗ ನಿಮ್ಮಿಬ್ಬರೆದುರೂ ಹೇಳುತ್ತೇನೆ. ಹಗುರದ ಲೆನ್ಸ್ ಬಿಡುವುದಿಲ್ಲ, ಮನೆಯಲ್ಲಿ ಕೂರುವುದೂ ಇಲ್ಲ. ಆದರೆ ಅತ್ತೆ ಸರಿದಿರಲಿಲ್ಲ. ಸೋತ ಮಂಡಿ ಊರಿಕೊಂಡು, ನಾನು ನಿಲ್ಲಿ ಎಂದ ಕಡೆಯೇ ನಿಂತಿದ್ದರು.