ಮೆಂಬರಕ್ಕನ ನಂಬರು

ಹೋದ ವಾರ ತವರಿಗೆ ಬಂದವಳು ಕುಂದಾಪುರಕ್ಕೆ ಹೋಗಲೆಂದು ಬಸ್ಸಿಗೆ ಕಾಯುತ್ತಿದ್ದೆ. ನಮ್ಮೂರ ಬಸ್‌ಸ್ಟಾಪಿಗೆ ಹೊಸ ಬಣ್ಣ ಹೊಡೆಯುವ ಕೆಲಸ ನಡೆದಿತ್ತು. ಪೇಂಟರ್ ಗೋಡೆಯ ಹಳೆಯ ಸುಣ್ಣವನ್ನು ಕೆರೆದು ಉದುರಿಸುತ್ತಿದ್ದ. ಆ ಪದರದ ಅಡಿಯಿಂದ ಕೆಂಪು ಅಕ್ಷರಗಳು ಹೊರಬಂದವು. ಮೊದಲು ಒಂದು ಟೆಲಿಫೋನ್ ನಂಬರು, ಕೊನೆಯ ಅಂಕಿಗಳು ಅಳಿಸಿಹೋದದ್ದು. ಅದರ ಕೆಳಗೆ ಒಂದು ಸಾಲು: “ಸಂಕೋಚ ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿ.”

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ...

ಆ ನಂಬರು ಮೆಂಬರಕ್ಕನದು. ಅಂದರೆ ಅವರ ಮನೆಯದಲ್ಲ, ಅವರು ಹಟ ಹಿಡಿದು ಊರಿಗೆ ತಂದದ್ದು. ಹಂಗಾರಕಟ್ಟೆಯ ಹೊಳೆಬಾಗಿಲಿನಿಂದ ಕೆರಾಡಿಯ ಕಾಡಂಚಿನವರೆಗೆ ಯಾರಿಗೆ ಏನೇ ಆಪತ್ತು ಬಂದರೂ ಕರೆಯಲು ಒಂದೇ ನಂಬರು. ಇದರಲ್ಲೇನು ವಿಶೇಷ ಎಂದು ಈಗಿನ ಮಕ್ಕಳಿಗೆ ಅನಿಸಬಹುದು. ಸರ್ಕಾರದ ಆಂಬುಲೆನ್ಸ್ ನಂಬರು ಇನ್ನೂ ಬಂದಿರದ ಕಾಲ ಅದು. ಬೈಂದೂರು, ಬ್ರಹ್ಮಾವರಗಳು ಆಗ ತಾಲೂಕುಗಳೇ ಆಗಿರಲಿಲ್ಲ. ಊರಿನಲ್ಲಿ ಎಲ್ಲೋ ಕೆಲವು ಮನೆಗಳಲ್ಲಿ ಫೋನು ಇರುತ್ತಿತ್ತು, ಆ ಮನೆಯವರು ಮದುವೆಗೆ ಹೋದರೆ ಫೋನಿಗೂ ಬೀಗ.

ಮೆಂಬರಕ್ಕ ನಮ್ಮ ಪಕ್ಕದ ಮನೆಯವರು. ಬೆಳಿಗ್ಗೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದರು. ಪಂಚಾಯ್ತಿಯಲ್ಲಿ ಹೆಂಗಸರ ಮೀಸಲು ಸೀಟು ಬಂದಾಗ ಊರಿನ ಕೆಲವು ದೊಡ್ಡ ಮನುಷ್ಯರು ಅವರನ್ನು ನಿಲ್ಲಿಸಿ ಗೆಲ್ಲಿಸಿದರು. ತೋರಿಸಿದಲ್ಲಿ ಸಹಿ ಹಾಕುತ್ತಾರೆ, ಮೀಟಿಂಗಿನಲ್ಲಿ ಚಾ ಕುಡಿದು ಹೋಗುತ್ತಾರೆ ಎಂದು ಅವರ ಎಣಿಕೆ. ಪಾಪ, ಮೊದಲ ಮೀಟಿಂಗಿನಲ್ಲೇ ಆ ದೊಡ್ಡವರ ಚಾ ತಣಿದುಹೋಯಿತು. ಮೆಂಬರಕ್ಕ ಎದ್ದು ನಿಂತು ಕೇಳಿದ್ದು ರಸ್ತೆಯನ್ನಲ್ಲ, ಬೀದಿದೀಪವನ್ನಲ್ಲ, ಫೋನನ್ನು.

ಯಾಕೆಂದು ನನಗೆ ಒಂದೇ ಸಲ ಹೇಳಿದ್ದರು, ಬಾವಿಕಟ್ಟೆಯ ಹತ್ತಿರ ಬಂಗುಡೆ ಕೊಯ್ಯುತ್ತ ಕೂತಿದ್ದಾಗ. ಅವರ ತವರು ಹಂಗಾರಕಟ್ಟೆ. ಅಣ್ಣ ದೋಣಿ ಕಟ್ಟುವ ಕೆಲಸದವರು. ಕಟ್ಟುತ್ತಿದ್ದ ದೋಣಿಯ ಮೇಲಿಂದ ಬಿದ್ದರು. ಫೋನಿದ್ದ ಮನೆಗೆ ಓಡಿದರೆ ಬೀಗ, ಇನ್ನೊಂದು ಮನೆಗೆ ಓಡಿದರೆ ಯಾರಿಗೆ ಫೋನ್ ಮಾಡಬೇಕೆಂದೇ ಗೊತ್ತಿಲ್ಲ. ಕೊನೆಗೆ ಮೀನಿನ ಟೆಂಪೋದಲ್ಲಿ ಮಲಗಿಸಿ ಕರೆದೊಯ್ದರಂತೆ. ದಾರಿಯಲ್ಲೇ... ಅಷ್ಟು ಹೇಳಿ ಅವರು ಮೀನನ್ನು ಮತ್ತೊಮ್ಮೆ ತೊಳೆಯತೊಡಗಿದರು, ತೊಳೆದದ್ದನ್ನೇ.

ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. “ನಿಂಗ್ ಎಂತ ಕೆಲ್ಸ ಇತ್ತ್ ಹೆಣೆ? ಬಾ ನನ್ನೊಟ್ಟಿಗೆ” ಎಂದು ಎಳೆದುಕೊಂಡು ಹೊರಟರು. ಮೀನಿನ ವ್ಯಾಪಾರ ಮುಗಿಸಿ, ಮಿಂದು, ಗಂಜಿಹಾಕಿದ ಕಾಟನ್ ಸೀರೆ ಉಟ್ಟು, ಬಸ್ಸು ಹತ್ತಿ ಒಂದೊಂದೇ ಪಂಚಾಯ್ತಿಗೆ ಹೋಗುವುದು. ಎಷ್ಟು ಮಿಂದರೂ ಕೈಯಲ್ಲಿ ಸಣ್ಣಗೆ ಮೀನಿನ ವಾಸನೆ ಉಳಿದಿರುತ್ತಿತ್ತು. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರೆ ಅವರನ್ನೇ ನೋಡಿ ನಗುತ್ತಿದ್ದರು. ಮೂಗು ಮುಚ್ಚಿದವರ ಕೈ ತಾನಾಗಿ ಕೆಳಗಿಳಿಯುತ್ತಿತ್ತು.

ಎಲ್ಲ ಕಡೆಯೂ ಸಿಕ್ಕ ಉತ್ತರ “ಅಡ್ಡಿಲ್ಲೆ, ಕಾಂಬ”. ನಮ್ಮ ಕಡೆಯವರು ಯಾರ ಮುಖಕ್ಕೂ ಹೊಡೆದ ಹಾಗೆ ಆಗುವುದಿಲ್ಲ ಎಂದು ಹೇಳುವವರಲ್ಲ. ಅಡ್ಡಿಲ್ಲ, ನೋಡುವ ಎಂದು ಕಳುಹಿಸುತ್ತಿದ್ದರು, ಆಮೇಲೆ ನಿರ್ಣಯದ ಸುದ್ದಿಯೇ ಇಲ್ಲ. ಫೋನು ತಮ್ಮ ಕಟ್ಟಡದಲ್ಲೇ ಇರಬೇಕು ಎಂದು ಪ್ರತಿ ಪಂಚಾಯ್ತಿಗೂ ಆಸೆ, ಅದರ ಮುಂದೆ ಕೂರುವವರ ಸಂಬಳ ಪಕ್ಕದ ಪಂಚಾಯ್ತಿ ಕೊಡಲಿ ಎಂದು ಇನ್ನೊಂದು ಆಸೆ. ಹಂಗಾರಕಟ್ಟೆ ಬೇರೆ ತಾಲೂಕಿಗೆ ಸೇರಿದ್ದು, ಅದನ್ನು ಸೇರಿಸಲು ಬರುವುದಿಲ್ಲ ಎಂದು ಒಬ್ಬ ಅಧಿಕಾರಿ ಪೆನ್ನು ಮುಚ್ಚಿಟ್ಟರು. ಮೆಂಬರಕ್ಕ ಅವರ ಮೇಜಿನ ಮುಂದಿನಿಂದ ಏಳಲಿಲ್ಲ.

“ಹಾವು ಕಚ್ಚುಕೆ ಮುಂಚೆ ನೀವ್ ಯಾವ್ ತಾಲೂಕ್ ಅಂದ್ ಕೇಣತ್ತಾ ಸಾರ್?”

ಅಧಿಕಾರಿಗೆ ನಗು ಬಂತು. ನಗು ಬಂದ ಮೇಲೆ ಪೆನ್ನು ತೆರೆಯದೆ ವಿಧಿಯಿರಲಿಲ್ಲ. ಹಾಗೆ ಒಂದೊಂದೇ ನಿರ್ಣಯ ಕೂಡಿಬಂತು. ಪಂಚಾಯ್ತಿಗಳೆಲ್ಲ ಸೇರಿ ಒಂದು ಹಳೆಯ ವ್ಯಾನು ಕೊಂಡವು. ಹೆದ್ದಾರಿ ಬದಿಯ ನಮ್ಮ ಪಂಚಾಯ್ತಿಯ ಪಕ್ಕದ ಕೋಣೆಯಲ್ಲಿ ಫೋನು ಕೂತಿತು. ಹಗಲು ಅದರ ಮುಂದೆ ಕೂರುವ ಕೆಲಸ ನನಗೆ, ರಾತ್ರಿ ಅಲ್ಲೇ ಮಲಗುವ ಡ್ರೈವರನಿಗೆ. ಬಸ್‌ಸ್ಟಾಪು, ಶಾಲೆ, ಹಾಲಿನ ಡೈರಿ, ಕಡವಿನ ಕಟ್ಟೆ, ಎಲ್ಲ ಕಡೆಯೂ ಕೆಂಪು ಬಣ್ಣದಲ್ಲಿ ನಂಬರು ಬರೆಸಿದೆವು. ಮನೆಮನೆಗೆ ಚೀಟಿ ಹಂಚಿದರೆ ಜನ ಅದನ್ನು ಕ್ಯಾಲೆಂಡರಿನ ಹಿಂದೆ ಅಂಟಿಸಿದರು. ದಿನ ಬೆಳಗಾದರೆ ಅಂಥ ನಂಬರಿನ ಮುಖ ಯಾರು ನೋಡುತ್ತಾರೆ!

ಆದರೆ ನಮ್ಮ ಜನ ಫೋನು ಮಾಡುವ ಚಂದವನ್ನು ಹೇಳಬೇಕು. ಫೋನು ಎತ್ತಿದ ಕೂಡಲೇ “ಉಂಡ್ರಿಯಾ?” ಎಂದು ಕೇಳುತ್ತಿದ್ದರು. ಆಮೇಲೆ ನಮ್ಮ ಕಡೆ ಮಳೆ ಹೇಗೆ, ನಾನು ಯಾರ ಮಗಳು. ಇದೆಲ್ಲ ಮುಗಿದ ಮೇಲೆ, ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದ ಹಾಗೆ, ವಿಷಯ. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಗಟ್ಟಿಯಾಗುತ್ತದೆ ಎಂಬ ಹೆದರಿಕೆ ಒಂದು. ನಮ್ಮಿಂದ ಇನ್ನೊಬ್ಬರಿಗೆ ತೊಂದರೆ ಯಾಕೆ ಎಂಬ ಸಂಕೋಚ ಇನ್ನೊಂದು. ಕಾಲು ಮುರಿದವರೂ “ಎಂತ ಇಲ್ಲೆ”, ಅಂದರೆ ಏನೂ ಇಲ್ಲ, “ಸ್ವಲ್ಪ ನೋವು” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಮೆಂಬರಕ್ಕ ಫೋನಿನ ಮುಂದೆ ಕೂತಿದ್ದರು. ಕೆರಾಡಿಯಿಂದ ಒಬ್ಬರು ಫೋನು ಮಾಡಿದರು. ಊಟ ವಿಚಾರಿಸಿದರು, ಈ ಸಲ ಬೂತಾಯಿ ಮೀನು ಹೇಗೆ ಎಂದು ಕೇಳಿದರು. ಕೊನೆಗೆ ತಾಯಿಯ ಸುದ್ದಿ ತೆಗೆದು, “ಅಬ್ಬಿಗೆ ಸ್ವಲ್ಪ ಉಸ್ರ್ ಕಟ್ಟಿದಾಂಗೆ ಆತ್ತ್. ಎಂತ ಇಲ್ಲೆ, ಗಾಡಿ ಪುರ್ಸೊತ್ತ್ ಆದಾಗ ಬಂದ್ರೆ ಅಡ್ಡಿಲ್ಲೆ” ಎಂದರಂತೆ. ಫೋನು ಇಟ್ಟ ಬೆನ್ನಿಗೆ ಇನ್ನೊಂದು ಕರೆ, ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಪಕ್ಕದ ಅಂಗಡಿಯಿಂದ ಫೋನು ಮಾಡಿದವನದು. ಅವನ ಬೊಬ್ಬೆ ಕೋಣೆಯ ಹೊರಗೂ ಕೇಳುತ್ತಿತ್ತಂತೆ. ಮೆಂಬರಕ್ಕ ವ್ಯಾನನ್ನು ಮೊದಲು ಅವನಲ್ಲಿಗೆ ಕಳುಹಿಸಿದರು. ಅವನ ಮೊಣಕಾಲು ತರಚಿತ್ತು, ಅಷ್ಟೇ.

ವ್ಯಾನು ಕೆರಾಡಿ ಮುಟ್ಟುವಾಗ ಅಬ್ಬಿಯ ತಲೆಯ ಹತ್ತಿರ ದೀಪ ಹಚ್ಚಿಟ್ಟಿದ್ದರು. ಫೋನು ಮಾಡಿದ್ದ ಮಗ ಅಂಗಳಕ್ಕೆ ಬಂದು ಡ್ರೈವರನಿಗೆ ನೀರು ಕೊಟ್ಟು, “ನಿಮ್ಗ್ ಸುಮ್ನೆ ತೊಂದ್ರೆ ಆಯ್ತ್” ಎಂದರಂತೆ. ಬೈದಿದ್ದರೆ ಮೆಂಬರಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನ ಅವರು ಬುಟ್ಟಿ ಹೊರಲಿಲ್ಲ. ಬಸ್ಸು ಹತ್ತಿ ಕೆರಾಡಿಗೆ ಹೋದರು. ಅಲ್ಲಿ ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಬಂದವರು ನನ್ನ ಎದುರಿನ ಬೆಂಚಿನಲ್ಲಿ ಕೂತರು.

“ಇನ್ನ್ ಮ್ಯಾಲೆ ಯಾರಾರೂ ‘ಎಂತ ಇಲ್ಲೆ’ ಅಂದ್ರೆ ಗಾಡಿ ಮೊದ್ಲ್ ಅಲ್ಲಿಗೆ ಹೋಯ್ಕ್. ಬೊಬ್ಬೆ ಹಾಕುವವ್ರಿಗೆ ಉಸ್ರ್ ಇತ್ತ್, ಅವ್ರ್ ಕಾಯ್ತ್ರ್.”

ಆಮೇಲೆ ಪೇಂಟರನನ್ನು ಕರೆಸಿ ಎಲ್ಲ ಗೋಡೆಗಳ ಮೇಲೂ ನಂಬರಿನ ಕೆಳಗೆ ಸಂಕೋಚ ಬೇಡ ಎಂಬ ಆ ಸಾಲನ್ನು ಬರೆಸಿದರು. ಜನ ಓದಿದರು, ಚೆನ್ನಾಗಿದೆ ಎಂದರು, ಮತ್ತೆ ಫೋನು ಮಾಡಿ “ಉಂಡ್ರಿಯಾ” ಎಂದರು. ಗೋಡೆಯ ಮೇಲೆ ಬರೆದರೆ ನಾಲಿಗೆ ಬದಲಾಗುತ್ತದೆಯೇ! ಬದಲಾದದ್ದು ನನ್ನ ಕಿವಿ. ಮಾತು ಎಷ್ಟು ಮೆತ್ತಗಿದ್ದರೆ ವ್ಯಾನು ಅಷ್ಟು ಬೇಗ ಹೊರಡುವುದು ರೂಢಿಯಾಯಿತು. ಹಾಗೆ ಎಷ್ಟೋ ಜನ ಆಸ್ಪತ್ರೆ ಮುಟ್ಟಿದರು.

ಮನೆಗೆ ಫೋನು ಬಂದ ಮೇಲೂ ಮೆಂಬರಕ್ಕ ಆ ನಂಬರಿಗೆ ತಾವಾಗಿ ಫೋನು ಮಾಡಿದವರಲ್ಲ. ಲೈನು ಖಾಲಿ ಇರಬೇಕು ಎಂಬುದು ಅವರ ಕಟ್ಟಳೆ. ನನ್ನ ಹತ್ತಿರ ಕೆಲಸವಿದ್ದರೆ ಬಿಸಿಲಲ್ಲಿ ನಡೆದೇ ಬರುತ್ತಿದ್ದರು. ಹಾಗಾಗಿ ಒಂದು ದಿನ ಮಧ್ಯಾಹ್ನ ಫೋನಿನಲ್ಲಿ ಅವರ ಧ್ವನಿ ಕೇಳಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ.

“ಹೆಣೆ, ಉಂಡ್ಯಾ?”

“ಆಯ್ತ್ ಅಕ್ಕ. ನಿಮ್ದ್?”

“ಇನ್ನ್ ಆಯ್ಕ್. ಎಂತ ಇಲ್ಲೆ... ಡ್ರೈವರ್‌ಗೆ ಪುರ್ಸೊತ್ತ್ ಇದ್ರೆ ಈ ಬದಿಗೆ ಒಂದ್ ಸಲ ಬಂದ್ ಹೋಪುಕೆ ಹೇಳ್.”

ಫೋನು ಇಟ್ಟೆ. ಕಿಟಕಿಯಿಂದಲೇ ಡ್ರೈವರನಿಗೆ ಕೂಗಿದೆ. ಅವನು ಹೋಗುವಾಗ ಮೆಂಬರಕ್ಕ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರಂತೆ. ಮೀನಿನ ಸೀರೆ ಬಿಚ್ಚಿಟ್ಟು ಕಾಟನ್ ಸೀರೆ ಉಟ್ಟಿದ್ದರು, ತಲೆ ಬಾಚಿದ್ದರು, ಬಾಗಿಲಿಗೆ ಬೀಗ ಹಾಕಿ ಕೀ ಕೈಯಲ್ಲಿ ಹಿಡಿದಿದ್ದರು. ಎದೆನೋವು ತಡೆಯಲಾರದೆ ಮೈಯೆಲ್ಲ ಬೆವರಿತ್ತು. ನನಗೆ ಅವರ ಜೊತೆ ಹೋಗುವ ಹಾಗಿರಲಿಲ್ಲ. ಫೋನು ಬಿಟ್ಟು ಏಳಬಾರದು, ಅದೂ ಅವರದೇ ಕಟ್ಟಳೆ. ಅಲ್ಲೇ ಕೂತು ಅತ್ತೆ.

ಬದುಕಿ ಬಂದರು. ಬಂದವರು ಮೊದಲು ಮಾಡಿದ ಕೆಲಸ ನನ್ನನ್ನು ಬೈದದ್ದು.

“ನಾನ್ ಎಂತ ಇಲ್ಲೆ ಅಂದೆ ಅಲ್ದಾ? ಅಷ್ಟ್ ಜೋರ್ ಗಾಡಿ ಓಡ್ಸುಕೆ ಎಂತ ಆಯ್ದಿತ್ತ್ ನಿಮ್ಗೆ?”

“ನೀವ್ ಹಾಂಗ್ ಅಂದದ್ದಕ್ಕೇ ಅಕ್ಕ.”

ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಕ್ಕರು. ಎಷ್ಟು ಹೊತ್ತು ನಕ್ಕರೆಂದರೆ ನಾನೇ ಹೆದರಿ ಸಾಕು ಎನ್ನಬೇಕಾಯಿತು...

ಕೆಲವು ವರ್ಷಗಳ ಮೇಲೆ ಸರ್ಕಾರದ ಆಂಬುಲೆನ್ಸ್ ಬಂತು, ಸಣ್ಣ ನಂಬರು, ದೊಡ್ಡ ಗಾಡಿ. ನಮ್ಮ ಫೋನು ಮೆಲ್ಲಗೆ ಸುಮ್ಮನಾಯಿತು, ವ್ಯಾನನ್ನು ಮಾರಿದರು. ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಹೋದೆ. ಮೆಂಬರಕ್ಕನಿಗೆ ಬೇಸರವೇನೂ ಆಗಲಿಲ್ಲ, ಒಳ್ಳೆಯದೇ ಆಯಿತು ಎಂದರು. ಒಂದೇ ಒಂದು ಚಿಂತೆ ಅವರಿಗೆ. “ಅಲ್ಲಿ ಫೋನ್ ಎತ್ತು ಹೆಣ್ಣಿಗೆ ನಮ್ಮವ್ರ್ ಎಂತ ಇಲ್ಲೆ ಅಂದ್ರೆ ಗೊತ್ತಾತ್ತಾ?” ಎಂದು ನಾನು ತವರಿಗೆ ಬಂದಾಗಲೆಲ್ಲ ಕೇಳುತ್ತಿದ್ದರು.

ಕಡೆಗೆ, ಮುಂಬೈಯಲ್ಲಿ ಕೆಲಸದಲ್ಲಿದ್ದ ಅವರ ಮಗಳು ಅವರನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಬಂಗಾರದಂಥ ಮಗಳು, ಚೆನ್ನಾಗಿ ನೋಡಿಕೊಂಡಳು. ತೀರಿಹೋದ ಸುದ್ದಿಯನ್ನು ಅವಳೇ ಫೋನು ಮಾಡಿ ಹೇಳಿದಳು.

“ಮಧ್ಯಾಹ್ನ ಆಫೀಸಿಂದ ಫೋನ್ ಮಾಡಿದ್ದೆ ಅಕ್ಕ. ನೀನ್ ಉಂಡ್ಯಾ ಅಂದ್ ಕೇಂಡ್ಳ್. ಎಂತ ಇಲ್ಲೆ, ಸ್ವಲ್ಪ ಮಲ್ಕಂತೆ ಅಂದ್ಳ್. ಸಂಜೆ ಬಂದ್ ಕಂಡ್ರೆ...”

ನನ್ನ ಬಾಯಿಯ ತುದಿಗೆ ಎಲ್ಲವೂ ಬಂದಿತ್ತು, ಕೆರಾಡಿ, ಬೆಂಚು, ವ್ಯಾನು. ಹೇಳಿದ್ದರೆ ಆ ಹುಡುಗಿ ಜನ್ಮವಿಡೀ ಆ ಒಂದು ಮಾತನ್ನು ಹೊತ್ತುಕೊಂಡು ತಿರುಗಬೇಕಿತ್ತು. ನಿನ್ನ ಅಬ್ಬಿಗೆ ನೋವೇ ಆಗಿರಲಿಕ್ಕಿಲ್ಲ, ನಿದ್ದೆಯಲ್ಲೇ ಹೋದರು ಎಂದೆ. ನನಗೆ ಅವರು ತುಂಬ ಬೇಕಾದವರು. ಆ ಮಧ್ಯಾಹ್ನ ಫೋನಿನಲ್ಲಿ ಆ ಮಾತನ್ನು ಕೇಳಿದ್ದು ನಾನಾಗಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಬಸ್‌ಸ್ಟಾಪಿನಲ್ಲಿ ಪೇಂಟರ್ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ನನ್ನ ಕಡೆ ತಿರುಗಿದ. ನಾನು ಇಷ್ಟು ಹೊತ್ತು ಅಲ್ಲೇ ನಿಂತದ್ದು ಅವನಿಗೆ ವಿಚಿತ್ರ ಕಂಡಿರಬೇಕು.

“ಇದ್ರ್ ಮ್ಯಾಲೆ ಹೊಡುದಾ ಅಕ್ಕ? ಯಾರ್ದಾರೂ ಬೇಕಾದ ನಂಬ್ರಾ?”

“ಹೊಡಿ” ಎಂದೆ. ಬಿಳಿ ಬಣ್ಣ ಮೊದಲು ನಂಬರಿನ ಮೇಲೆ ಹೋಯಿತು, ಆಮೇಲೆ ಕೆಳಗಿನ ಸಾಲಿನ ಮೇಲೆ. ಅವನು ಮತ್ತೆ ತಿರುಗಿ ನನ್ನ ಮುಖ ನೋಡಿದ.

“ಎಂತ ಆಯ್ತ್ ಅಕ್ಕ?”

“ಎಂತ ಇಲ್ಲೆ” ಎಂದೆ.

ಅವನು ಬ್ರಷ್ಷನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ತನ್ನ ನೀರಿನ ಬಾಟಲಿ ತಂದುಕೊಟ್ಟ.