ಗುಲ್ಸಾನಂ ಸತ್ತ ಬೆಳಗ್ಗೆ ಸೀದುಹೋದ ರೊಟ್ಟಿ

ನಮ್ಮೂರು ಮರ್ಗಿಲಾನಿನಲ್ಲಿ ಕೋಳಿ ಕೂಗಿ ಬೆಳಗಾಗುವುದಿಲ್ಲ. ಓಯ್ದಿನ್ ಅಕ್ಕ ತಂದೂರಿಗೆ ಬೆಂಕಿ ಹಾಕಿದ ಮೇಲೆಯೇ ಸೂರ್ಯ ಧೈರ್ಯ ಮಾಡಿ ಇಣುಕುತ್ತಾನೆ. ಬೆಳಗಿನ ಚಹಾದ ಹೊತ್ತಿನೊಳಗೆ ಅವಳು ತಟ್ಟುವ ರೊಟ್ಟಿ ಅರ್ಧ ದೇಶಕ್ಕೆ ಸಾಕು. ಉಳಿದರ್ಧ ಸಾಲಿನಲ್ಲಿ ನಿಂತಿರುತ್ತದೆ. ನಾನೂ ಅದೇ ಸಾಲಿನವನು. ಸುಳ್ಳು ಬರೆದರೆ ನಾಳೆ ನನಗೆ ರೊಟ್ಟಿಯಿಲ್ಲ.

ಈ ಚಳಿಗಾಲದಲ್ಲಿ ಅಕ್ಕನ ಒಂದು ಕೈ ತಂದೂರಿನಲ್ಲಿ, ಇನ್ನೊಂದು ಪುಸ್ತಕದಲ್ಲಿ. ಮೀಸೆ ಮೂಡದ ತಮ್ಮಂದಿರನ್ನು ಸಾಕಲು ಶಾಲೆ ಬಿಟ್ಟು ಹಿಟ್ಟಿಗೆ ಕೈಹಾಕಿದವಳು ಈಗ ಪಣ ತೊಟ್ಟಿದ್ದಾಳೆ: ಅಮ್ಮನ ಹಳೇ ಕಾದಂಬರಿಯನ್ನು ನವ್ರೋಜ್ ಹಬ್ಬದೊಳಗೆ ಮುಗಿಸಬೇಕು. ಕತ್ತೆಯ ಮೇಲೆ ಹೇರಿದರೆ ಕತ್ತೆಯೇ ಕೂರುವಷ್ಟು ದಪ್ಪ ಪುಸ್ತಕ. "ಅಮ್ಮ ನಡುವೆ ಒಂದು ಗೋಧಿ ಕಡ್ಡಿ ಇಟ್ಟು ಮುಚ್ಚಿಬಿಟ್ಲು. ಯಾಕೆ ಅಂತ ಸಾಯೋವರೆಗೂ ಹೇಳ್ಲಿಲ್ಲ. ಆ ಕಡ್ಡೀನ ನಾನು ದಾಟ್ಬೇಕು," ಎನ್ನುತ್ತಾಳೆ.

"ರೊಟ್ಟಿ ತಟ್ಟೋ ಕೈಗೆ ಪುಟ ತಿರುವೋಕೆ ಬರುತ್ತೇನಕ್ಕಾ?" ಎಂದು ಕಟುಕ ಹಮ್ರೋ ಕೆಣಕುತ್ತಾನೆ.

"ನಿನ್ನ ಕತ್ತಿಗಿಂತ ಚುರುಕಾಗೇ ಬರುತ್ತೆ. ಸಾಲಲ್ಲಿ ನಿಲ್ಲೋ!"

ಹಬ್ಬಕ್ಕೆ ವಾರವಿದೆ ಎನ್ನುವಾಗ, ಒಂದು ಬೆಳಗ್ಗೆ, ಹಾರುವ ಕಾಗೆಗಳೂ ಉದುರುವಂಥ ಕೂಗು: "ಅಯ್ಯೋ, ನನ್ನ ಮಗಳೇ!" ಹಿಂದೆಯೇ ಕಪ್ಪು ಹೊಗೆ. ಅಕ್ಕನ ರೊಟ್ಟಿ ಸೀದಿದೆ! ಭೂಮಿ ಹುಟ್ಟಿದಾಗಿನಿಂದ ಹೀಗಾಗಿಲ್ಲ.

ಗಂಡ ತುರ್ಸುನ್‌ಬಾಯ್ ಹಾಸಿಗೆಯಿಂದಲೇ ಬೀಳುತ್ತಾನೆ. ಅಕ್ಕನಿಗೆ ಊರಿನ ಹುಡುಗಿಯರೆಲ್ಲ ಮಗಳೇ; ಆದರೆ ಅಳುವವರನ್ನು ಹಿಡಿದು ಸತ್ತವರು ಯಾರೆಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಪಾಪ, ಟೋಪಿ ಇಟ್ಟು, ನಡುಪಟ್ಟಿ ಬಿಗಿದು, ತಲೆ ತಗ್ಗಿಸಿ ಬಾಗಿಲಲ್ಲಿ ನಿಲ್ಲುತ್ತಾನೆ. ನಡುಪಟ್ಟಿ ಬಿಗಿದ ಗಂಡಸು ಬಾಗಿಲಲ್ಲಿದ್ದರೆ ಅದು ಸಾವಿನ ಮನೆ. ಕ್ಷಣದಲ್ಲಿ ಇಡೀ ಮೊಹಲ್ಲಾ ಎದೆ ಬಡಿದುಕೊಂಡು ನುಗ್ಗುತ್ತದೆ.

ಎಲ್ಲರಿಗೂ ಹಿರಿಯಳಾದ ಸರ್ವಿ ಅಜ್ಜಿ ಅಕ್ಕನನ್ನು ತಬ್ಬುತ್ತಾಳೆ. "ಹೇಗಾಯ್ತೇ ಮಗಳೇ?"

"ಹಿಮದಲ್ಲಿ ಅಜ್ಜಿ! ಹೆತ್ತಪ್ಪನೇ ಬಾಗಿಲು ಹಾಕ್ಕೊಂಡ. ಹೊಸ್ತಿಲ ಮೇಲೇ ಸೆಟೆದುಹೋದ್ಲು. ಒಳಗೆ ಬಿಸಿ ರೊಟ್ಟಿ ಇತ್ತು, ಅಜ್ಜಿ! ರೊಟ್ಟಿ ಇರೋ ಮನೇಲಿ ಬಾಗಿಲು ಹಾಕ್ತಾರಾ?"

"ಯಾರೇ ಅವಳು?"

"ಗುಲ್ಸಾನಂ!" ಹಿಟ್ಟಿನ ಬೆರಳು ಪುಸ್ತಕ ತೋರಿಸುತ್ತದೆ.

ಹಮ್ರೋನ ಬಾಯಿ ತಂದೂರಿನಷ್ಟು ತೆರೆಯುತ್ತದೆ. ತುರ್ಸುನ್‌ಬಾಯ್ ಮೆಲ್ಲಗೆ ನಡುಪಟ್ಟಿ ಬಿಚ್ಚುತ್ತಾನೆ. ಅಕ್ಕನಿಗೆ ಅದೇನೂ ಕಾಣುತ್ತಿಲ್ಲ. "ಕಡ್ಡಿ ಇದ್ದದ್ದೂ ಇದೇ ಪುಟದಲ್ಲಿ. ಅಮ್ಮನ ಕೈಲೂ ಆಗ್ಲಿಲ್ಲ. ನನಗೂ ಬೇಡ ಈ ಪಾಪಿ ಪುಸ್ತಕ!" ಎನ್ನುತ್ತ ಅದನ್ನು ಬೆಂಕಿಯ ಕಡೆ ಎತ್ತುತ್ತಾಳೆ.

ಅಜ್ಜಿ ಅವಳ ಮಣಿಕಟ್ಟು ಹಿಡಿಯುತ್ತಾಳೆ. "ಏಯ್! ಆ ಬಾಗಿಲು ಹಾಕಿದವನ ಗತಿ ಏನಾಯ್ತು? ಸಾವಿನ ಮನೆಗೆ ಬಂದವಳು ನಾನು, ರೊಟ್ಟಿ ಮುರೀದೆ ಏಳಲ್ಲ. ಸೀದದ್ದೇ ತಾ. ಓದು."

ಸೀದ ರೊಟ್ಟಿ ಅಗಿಯುತ್ತ ಮೊಹಲ್ಲಾ ಕೂರುತ್ತದೆ. ಕಡ್ಡಿ ಇದ್ದ ಪುಟ ತಿರುವಿ ಅಕ್ಕ ಗಟ್ಟಿಯಾಗಿ ಓದುತ್ತಾಳೆ. ಮಾರನೆಯ ಬೆಳಗ್ಗೆಯೂ ಬರುತ್ತಾರೆ, ಅದರ ಮಾರನೆಯದೂ. ಹಬ್ಬದ ಮುನ್ನಾದಿನ ಕೊನೆಯ ಸಾಲು ಮುಗಿದಾಗ ಮೂಗು ಒರೆಸಿಕೊಳ್ಳುವವರಲ್ಲಿ ಹಮ್ರೋನೇ ಮೊದಲಿಗ.

ಮುಂದಿನ ವರ್ಷ ಏನು ಓದುತ್ತೀ ಎಂದರೆ, "ಯಾರೂ ಸಾಯದ್ದು," ಎನ್ನುತ್ತಾಳೆ. ಆಮೇಲೆ ಹಿಟ್ಟು ಒತ್ತುತ್ತ, ಮೆಲ್ಲಗೆ: "ಅಮ್ಮ ಒಬ್ಬಳೇ ಓದಿದ್ಲು, ಪಾಪ. ನನ್ನ ಬಾಗಿಲು ತೆರೆದಿತ್ತು."